ಪದ ಪರಿಚಯ: ಫಿನ್‌ಲ್ಯಾಂಡೀಕರಣ

1947ರಿಂದ ಕೆಲವು ವರ್ಷ ಹೆಲ್ಸಿಂಕಿಯಿಂದ ತುರ್ಕು ಊರಿಗೆ ರೈಲು ಹತ್ತಿದವರಿಗೆ ದಾರಿ ಮಧ್ಯೆ ಹಾಡಹಗಲೇ ಕತ್ತಲೆ. ಪೊರ್ಕಲಾ ಬರುವ ಮೊದಲು ರೈಲು ನಿಲ್ಲಿಸಿ, ಬೋಗಿಗಳ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದರು. ಎಳೆಯಲು ಸೋವಿಯತ್ ಇಂಜಿನ್ ಬರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಸೋತಿದ್ದ ಫಿನ್‌ಲ್ಯಾಂಡ್ ಆ ಕರಾವಳಿಯನ್ನು ನೌಕಾನೆಲೆಗೆಂದು ಸೋವಿಯತ್ ಒಕ್ಕೂಟಕ್ಕೆ ಗುತ್ತಿಗೆ ಕೊಡಬೇಕಾಗಿ ಬಂದಿತ್ತು. ರಾಜಧಾನಿಯಿಂದ ಬರೀ 30 ಕಿಲೋಮೀಟರ್ ದೂರ! ಜನ ಆ ದಾರಿಯನ್ನು 'ಜಗತ್ತಿನ ಅತಿ ಉದ್ದದ ಸುರಂಗ' ಎನ್ನುತ್ತಿದ್ದರು. ಜಾಗ ವಾಪಸ್ ಬಂದದ್ದು 1956ರಲ್ಲಿ.

ಫಿನ್‌ಲ್ಯಾಂಡೀಕರಣ ಎಂಬ ಪದ ಕಂಡಾಗೆಲ್ಲ ನನಗೆ ನೆನಪಾಗುವುದು ಆ ಮುಚ್ಚಿದ ಕಿಟಕಿ. ದೊಡ್ಡ ನೆರೆಯವನು ದೇಶವನ್ನು ನುಂಗುವುದಿಲ್ಲ. ಬಾವುಟ, ಸಂಸತ್ತು, ಚುನಾವಣೆ, ಸೈನ್ಯ ಎಲ್ಲ ನಿಮ್ಮದೇ. ಆದರೆ ಯಾರ ಜೊತೆ ಸೇರಬೇಕು, ಯಾವ ಮಾತು ಆಡಬಾರದು ಎಂಬುದನ್ನು ಮಾತ್ರ ಅವನ ಮುಖ ನೋಡಿಕೊಂಡು ತೀರ್ಮಾನಿಸಬೇಕು.

ಪದ ಚಾಲ್ತಿಗೆ ಬಂದದ್ದು 1960ರ ದಶಕದ ಪಶ್ಚಿಮ ಜರ್ಮನಿಯಲ್ಲಿ. ಮಾಸ್ಕೋ ಜೊತೆ ಜಾಸ್ತಿ ಸಲಿಗೆ ಬೆಳೆಸಿದರೆ ನಮಗೂ ಅದೇ ಗತಿ ಎಂದು ಅಲ್ಲಿನ ಕೆಲವು ರಾಜಕಾರಣಿಗಳು ಎಚ್ಚರಿಸುತ್ತಿದ್ದರು. ಫಿನ್ನರಿಗೆ ಅದು ಬೈಗುಳದ ಹಾಗೆ ಕೇಳಿಸಿತು. ಕೇಳಿಸದೆ ಇರುತ್ತದಾ? 1939ರ ಚಳಿಗಾಲದಲ್ಲಿ ಸೋವಿಯತ್ ಸೈನ್ಯ ನುಗ್ಗಿದಾಗ 105 ದಿನ ಹೆಚ್ಚುಕಡಿಮೆ ಒಂಟಿಯಾಗಿ ಕಾದಾಡಿದವರು ಅವರು. ಆಗ ಕೈಹಿಡಿಯಲು ದೊಡ್ಡ ದೇಶ ಯಾವುದೂ ಸೈನ್ಯ ಕಳಿಸಲಿಲ್ಲ. ಹಾಗಾಗಿ ಮಹಾಯುದ್ಧ ಮುಗಿದ ಮೇಲೆ, ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ಕೊಡುತ್ತಿದ್ದ ಮಾರ್ಷಲ್ ನೆರವು ಬೇಡ ಎಂದರು, 1948ರಲ್ಲಿ ಮಾಸ್ಕೋ ಜೊತೆ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದರು. ಅಮೆರಿಕ ಮುಂದಾಳಾಗಿರುವ ಸೇನಾ ಕೂಟ ನೇಟೋ ಕಡೆ ತಲೆ ಹಾಕಲಿಲ್ಲ. ಇದನ್ನು ಹೇಡಿತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ತೆತ್ತ ಬೆಲೆ ಸಣ್ಣದಲ್ಲ. 1961ರಲ್ಲಿ ಅಧ್ಯಕ್ಷ ಉರ್ಹೋ ಕೆಕ್ಕೊನೆನ್ ವಿರುದ್ಧ ಹಲವು ಪಕ್ಷಗಳು ಸೇರಿ ಓಲಾವಿ ಹೊಂಕಾ ಅವರನ್ನು ನಿಲ್ಲಿಸಿದ್ದವು. ಅಷ್ಟರಲ್ಲಿ ಮಾಸ್ಕೋದಿಂದ ಒಂದು ಪತ್ರ ಬಂತು: ಜರ್ಮನಿಯಿಂದ ಅಪಾಯವಿದೆ, ಒಪ್ಪಂದದ ಪ್ರಕಾರ ಸೇನಾ ಮಾತುಕತೆ ನಡೆಸೋಣ. ದೇಶ ನಡುಗಿತು. ಹೊಂಕಾ ಕಣದಿಂದ ಹಿಂದೆ ಸರಿದರು, ಕೆಕ್ಕೊನೆನ್ ಸುಲಭವಾಗಿ ಗೆದ್ದರು. 1973ರಲ್ಲಿ ಅವರ ಅವಧಿಯನ್ನು ಚುನಾವಣೆಯೇ ಇಲ್ಲದೆ, ವಿಶೇಷ ಕಾನೂನಿನಿಂದ ನಾಲ್ಕು ವರ್ಷ ಮುಂದುವರಿಸಿದರು. ಪತ್ರಿಕೆಗಳು, ಪ್ರಕಾಶಕರು ಸೋವಿಯತ್ ವಿಷಯ ಬಂದರೆ ತಾವೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಯಾರೂ ಕೇಳುವ ಮೊದಲೇ ಬಗ್ಗುವ ಈ ಅಭ್ಯಾಸವೇ ಪದದ ತಿರುಳು ಅಲ್ವಾ?

2014ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್ ಅವರು ಯುಕ್ರೇನ್‌ಗೆ ಫಿನ್‌ಲ್ಯಾಂಡಿನ ದಾರಿ ತೋರಿಸಿದ್ದರು. 2022ರಲ್ಲಿ ರಷ್ಯಾ ಯುಕ್ರೇನಿನೊಳಗೆ ಪೂರ್ಣ ಬಲದಿಂದ ನುಗ್ಗಿದಾಗ ಫಿನ್‌ಲ್ಯಾಂಡೇ ಆ ದಾರಿ ಬಿಟ್ಟಿತು. ನೇಟೋ ಅರ್ಜಿಯ ಪರವಾಗಿ ಸಂಸತ್ತಿನಲ್ಲಿ 188 ಮತ, ವಿರುದ್ಧ 8. 2023ರ ಏಪ್ರಿಲ್ 4ರಂದು ಅದು 31ನೇ ಸದಸ್ಯನಾಯಿತು. ರಷ್ಯಾ ಜೊತೆಗಿನ ಸುಮಾರು 1,340 ಕಿಲೋಮೀಟರ್ ಗಡಿ ಮಾತ್ರ ಇದ್ದಲ್ಲೇ ಇದೆ.