ನೆರವು ನೀಡುತ್ತಿರುವ ಮಗುವನ್ನು ಅದರ ದೇಶಕ್ಕೇ ಹೋಗಿ ಭೇಟಿಯಾಗಬಹುದೇ?

ಓದುಗರ ಪ್ರಶ್ನೆ: ಒಂದು ಸಂಸ್ಥೆಯ ಮೂಲಕ ಬೇರೆ ದೇಶದ ಮಗುವೊಂದಕ್ಕೆ ಕೆಲವು ವರ್ಷಗಳಿಂದ ಪ್ರತಿ ತಿಂಗಳು ಹಣ ಕಳುಹಿಸುತ್ತಿದ್ದೇವೆ. ಈಗ ಆ ದೇಶಕ್ಕೆ ಹೋಗುವ ಅವಕಾಶ ಬಂದಿದೆ. ಮಗುವನ್ನೂ ಅದರ ಮನೆಯವರನ್ನೂ ಕಾಣಬಹುದೇ? ಏನು ಒಯ್ಯಬೇಕು, ಹೇಗೆ ನಡೆದುಕೊಳ್ಳಬೇಕು?

ಉತ್ತರ: ಸಾಮಾನ್ಯವಾಗಿ ಕಾಣಬಹುದು, ಆದರೆ ಸಂಸ್ಥೆಯ ಮೂಲಕವೇ ಹೋಗಬೇಕು. ಪತ್ರದಲ್ಲಿ ಕಂಡ ಊರಿನ ಹೆಸರು ಹಿಡಿದು, ಬಾಡಿಗೆ ಕಾರು ಮಾಡಿಕೊಂಡು, ಮುನ್ಸೂಚನೆಯಿಲ್ಲದೆ ಮನೆ ಬಾಗಿಲಲ್ಲಿ ಹೋಗಿ ನಿಲ್ಲುವುದು ಎಷ್ಟೇ ಪ್ರೀತಿಯಿಂದ ಮಾಡಿದರೂ ತಪ್ಪೇ. ಇಂತಹ ನೆರವಿನ ಕಾರ್ಯಕ್ರಮ ನಡೆಸುವ ಸಂಸ್ಥೆಗಳು ಹಲವು ವಾರಗಳ ಮುಂಚೆಯೇ ಅರ್ಜಿ ಕೇಳುತ್ತವೆ. ಗುರುತಿನ ದಾಖಲೆಯನ್ನೂ ಅಪರಾಧ ಹಿನ್ನೆಲೆಯಿಲ್ಲವೆಂಬ ಪ್ರಮಾಣಪತ್ರವನ್ನೂ ಪರಿಶೀಲಿಸಿ, ಮಕ್ಕಳ ರಕ್ಷಣೆಯ ನಿಯಮಗಳಿಗೆ ಸಹಿ ಹಾಕಿಸಿಕೊಂಡ ಬಳಿಕ ದಿನ ಗೊತ್ತುಮಾಡುತ್ತವೆ. ಭೇಟಿಯ ಉದ್ದಕ್ಕೂ ಸಿಬ್ಬಂದಿಯೊಬ್ಬರು ಜೊತೆಗಿರುತ್ತಾರೆ. ಇದನ್ನು ನಿಮ್ಮ ಮೇಲಿನ ಅನುಮಾನವೆಂದು ನೊಂದುಕೊಳ್ಳಬೇಡಿ. ಮಗುವಿನ ಫೋಟೊ, ವಯಸ್ಸು, ಮನೆಯ ಪರಿಸ್ಥಿತಿ ಎಲ್ಲವೂ ದೂರದ ಅಪರಿಚಿತರೊಬ್ಬರ ಕೈಯಲ್ಲಿರುವಾಗ, ಆ ಅಪರಿಚಿತರು ಎಷ್ಟು ಒಳ್ಳೆಯವರಾದರೂ, ಇಷ್ಟು ಕಾವಲು ಬೇಕೇ ಬೇಕು.

ಹೊರಡುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ತಿಳಿಯಾಗಿಸಿಕೊಳ್ಳಬೇಕು. ನಾವು ಮಾತಿನ ಭರದಲ್ಲಿ ‘ಒಂದು ಮಗುವನ್ನು ದತ್ತು ತೆಗೆದುಕೊಂಡಿದ್ದೇವೆ’ ಎನ್ನುತ್ತೇವೆ. ಇದು ದತ್ತು ಅಲ್ಲ. 1937ರಲ್ಲಿ, ಸ್ಪೇನಿನ ಅಂತರ್ಯುದ್ಧದಲ್ಲಿ ನೆಲೆ ಕಳೆದುಕೊಂಡ ಮಕ್ಕಳಿಗಾಗಿ ಇಂದಿನ ಪ್ಲಾನ್ ಇಂಟರ್‌ನ್ಯಾಷನಲ್ ಸಂಸ್ಥೆ ಆರಂಭವಾದಾಗ ಅದರ ಹೆಸರಿನಲ್ಲೇ ‘ಸಾಕು ತಂದೆತಾಯಿ’ ಎಂಬ ಅರ್ಥದ ಪದವಿತ್ತು. ಆ ಭಾವನೆ ಇಂದಿಗೂ ಕೊಡುವವರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ನೀವು ನೋಡಲು ಹೊರಟಿರುವ ಮಗುವಿಗಾದರೋ ಅದರದೇ ಹಿರಿಯರಿದ್ದಾರೆ. ಹೊಲದಲ್ಲೋ ಕೂಲಿಯಲ್ಲೋ ದುಡಿದು ಅದನ್ನು ಸಾಕುತ್ತಿರುವವರು ಅವರು. ಆ ಮನೆಯಲ್ಲಿ ನೀವು ಅತಿಥಿಗಳು ಮಾತ್ರ.

ಆದ್ದರಿಂದ ಮೊದಲ ನಮಸ್ಕಾರ ಮನೆಯ ಹಿರಿಯರಿಗೆ ಸಲ್ಲಲಿ. ಮಗು ಅಮ್ಮನ ಬೆನ್ನ ಹಿಂದೆ ಅಡಗಿ ನಿಂತರೆ ಕರೆಯಬೇಡಿ, ಎತ್ತಿಕೊಳ್ಳಲು ಕೈ ಚಾಚಬೇಡಿ. ನೆಲದ ಮೇಲೆ ಕುಳಿತು ನಿಮ್ಮ ಮನೆಯವರ ಒಂದೆರಡು ಫೋಟೊಗಳನ್ನು ಹರಡಿದರೆ ಸಾಕು, ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಬೆರಳು ಬಂದು ‘ಇದು ಯಾರು’ ಎಂಬಂತೆ ಫೋಟೊ ಮುಟ್ಟೀತು. ಮುಟ್ಟದೆಯೂ ಇರಬಹುದು, ಅದೂ ಸರಿಯೇ. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಮಾತನಾಡಲು ಮನಸ್ಸಿಲ್ಲ ಎಂಬುದೂ ಒಂದು ಅಭಿಪ್ರಾಯವೇ. ದುಭಾಷಿ ಇದ್ದರೆ ಅವರ ಮುಖ ನೋಡದೆ ಮಗುವಿನ ಕಡೆಗೇ ನೋಡಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡಿ.

‘ನಮ್ಮ ಹಣದಿಂದ ಏನು ಅನುಕೂಲವಾಯಿತು?’ ಎಂಬ ಪ್ರಶ್ನೆಯನ್ನು ಮಾತ್ರ ಆ ಮನೆಯಲ್ಲಿ ಕೇಳಬಾರದು. ಅನೇಕ ಸಂಸ್ಥೆಗಳಲ್ಲಿ ನಿಮ್ಮ ಹಣ ಆ ಕುಟುಂಬದ ಕೈಗೆ ನೇರವಾಗಿ ಸೇರುವುದೇ ಇಲ್ಲ. ಶಾಲೆ, ಆರೋಗ್ಯ, ಕುಡಿಯುವ ನೀರಿನಂತಹ ಕೆಲಸಗಳಿಗೆ ಇಡೀ ಊರಿನ ಪರವಾಗಿ ಖರ್ಚಾಗುತ್ತದೆ. ಪಾಪ, ತಾಯಿ ಏನೆಂದು ಉತ್ತರಿಸಿಯಾರು? ಫಲ ಕಾಣುವುದೂ ನಿಧಾನವಾಗಿ. ಕಂಪ್ಯಾಶನ್ ಎಂಬ ಸಂಸ್ಥೆಯ ಕಾರ್ಯಕ್ರಮವನ್ನು 6 ದೇಶಗಳಲ್ಲಿ ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ನೆರವು ಪಡೆದ ಮಕ್ಕಳು ಸರಾಸರಿ 1ರಿಂದ 1.5 ವರ್ಷ ಹೆಚ್ಚು ಓದಿದ್ದನ್ನು ಕಂಡುಕೊಂಡಿತು. ಇದು ಸಣ್ಣ ಸಂಗತಿಯಲ್ಲ, ಆದರೆ ಒಂದು ಮಧ್ಯಾಹ್ನದ ಭೇಟಿಯಲ್ಲಿ ಕಣ್ಣಿಗೆ ಬೀಳುವಂಥದ್ದೂ ಅಲ್ಲ. ಲೆಕ್ಕ ಕೇಳಬೇಕಿದ್ದರೆ ಕಚೇರಿಯಲ್ಲಿ ಕೇಳಿ, ಅದು ನಿಮ್ಮ ಹಕ್ಕು.

ಉಡುಗೊರೆ ಚಿಕ್ಕದಿರಲಿ, ಅಣ್ಣ-ತಂಗಿಯರೂ ನೆರೆಮನೆಯ ಮಕ್ಕಳೂ ಕೂಡಿ ಆಡುವಂಥದ್ದಿರಲಿ: ಚೆಂಡು, ಸ್ಕಿಪ್ಪಿಂಗ್ ಹಗ್ಗ, ಬಣ್ಣದ ಪೆನ್ಸಿಲು. ದುಬಾರಿ ಫೋನು ಕೊಟ್ಟರೆ ಆ ಮನೆಯ ಮೇಲೆ ಊರಿನವರ ಕಣ್ಣು ಬೀಳುತ್ತದೆ, ಮಗನಿಗೆ ಅಷ್ಟು ಕೊಡಲಾಗದ ತಂದೆಯ ಮುಖವೂ ಬಾಡುತ್ತದೆ. ನಗದು ಹಣವನ್ನಂತೂ ಕೈಗೆ ಕೊಡಬೇಡಿ. ಮನೆಯ ಕಷ್ಟ ಕಂಡು ಏನಾದರೂ ಮಾಡಲೇಬೇಕೆನಿಸಿದರೆ, ಹೊರಗೆ ಬಂದ ಮೇಲೆ ಸಿಬ್ಬಂದಿಯೊಡನೆ ಮಾತನಾಡಿ. ದಾರಿಯಿದ್ದರೆ ಅವರೇ ಹೇಳುತ್ತಾರೆ.

ವಿಳಾಸ, ಫೋನ್ ನಂಬರ್, ಫೇಸ್‌ಬುಕ್ ಖಾತೆಗಳನ್ನು ಕೊಟ್ಟು ತೆಗೆದುಕೊಳ್ಳುವಂತಿಲ್ಲ. ಮಗುವಿನ ಹೆಸರೂ ಊರೂ ತಿಳಿಯುವಂತೆ ಫೋಟೊವನ್ನು ಜಾಲತಾಣಗಳಲ್ಲಿ ಹಾಕಬಾರದು.

ಹೊರಡುವಾಗ ‘ಮತ್ತೆ ಬರುತ್ತೇವೆ’ ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಖಚಿತವಿಲ್ಲದಿದ್ದರೆ ಅದನ್ನು ತಡೆದುಕೊಂಡು ‘ಪತ್ರ ಬರೆಯುತ್ತೇವೆ’ ಎನ್ನಿ. ಊರು ಸೇರಿದ ವಾರದೊಳಗೇ ಬರೆಯಿರಿ; ಮನೆಯವರೆಲ್ಲ ಒಟ್ಟಿಗಿರುವ ಒಂದು ಫೋಟೊವನ್ನು ಅಚ್ಚು ಹಾಕಿಸಿ, ಸಂಸ್ಥೆಯ ಕಚೇರಿಯ ಮೂಲಕ ಆ ಪತ್ರದೊಂದಿಗೇ ಕಳುಹಿಸಿ.