ಮನೆ ಅಂಗಳದಲ್ಲಿ ಜೀಪಿನ ಎಂಜಿನ್ ಇಳಿಸುವಾಗ

ಪ್ಯೂಜೋ ಡೀಸೆಲ್ ಎಂಜಿನ್ನಿನ ಹಳೇ ಮಹೀಂದ್ರಾ ಎಂಎಂ 540 ಇಟ್ಟುಕೊಂಡವರು ಬೆಳಗಾವಿ ಕಡೆ ಇನ್ನೂ ಇದ್ದಾರೆ. ಎಂಜಿನ್ ಮನೆಯಲ್ಲೇ ಇಳಿಸಿ, ಸಿಲಿಂಡರ್‌ಗಳಿರುವ ಬ್ಲಾಕ್ ಮಾತ್ರ ಬೋರಿಂಗ್‌ಗೆ, ಅಂದರೆ ಸವೆದ ಸಿಲಿಂಡರ್ ಕೊರೆಸಲು, ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಒಯ್ದರೆ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತೆ. ಎಷ್ಟು ಜನ ಬೇಕು? ಮೂವರು ಸಾಕು. ಒಬ್ಬ ಎಂಜಿನ್ ಎತ್ತುವ ಚೈನ್ ಎಳೆಯಲಿ, ಇನ್ನೊಬ್ಬ ಎಂಜಿನ್ ತಿರುಗದಂತೆ ಹಿಡಿಯಲಿ, ಮತ್ತೊಬ್ಬ ಸುಮ್ನೆ ನಿಂತು ನೋಡುತ್ತಾ 'ತಡಿ' ಅನ್ನಲಿ. ಓಣಿಯವರೆಲ್ಲ ಸೇರಿದರೆ ಎಲ್ಲರೂ ಕೂಗುತ್ತಾರೆ, ಚೈನ್ ಎಳೆಯುವವನು ಯಾರ ಮಾತು ಕೇಳಬೇಕು?

ಮೊದಲು ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿ. ಆಮೇಲೆ ಬಾನೆಟ್, ರೇಡಿಯೇಟರ್. ಕೂಲಂಟ್ ನೆಲಕ್ಕೆ ಬಿಡಬೇಡಿ, ಅದು ಸಿಹಿ, ನಾಯಿ ನೆಕ್ಕಿದರೆ ಜೀವಕ್ಕೇ ಅಪಾಯ. ಡೀಸೆಲ್ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಪಂಪಿನೊಳಗೆ ಮಣ್ಣು ಹೋದರೆ ಅದರ ಖರ್ಚು ಬೇರೆ.

ಗೇರ್‌ಬಾಕ್ಸ್ ಜೀಪಿನಲ್ಲೇ ಬಿಡುವುದಾದರೆ ಅದರ ಕೆಳಗೆ ಜಾಕ್ ಕೊಡಿ. ಜಾಸ್ತಿ ಜನ ಕೆಡಿಸಿಕೊಳ್ಳುವುದು ಇಲ್ಲೇ. ಎಂಜಿನ್ ನೆಟ್ಟಗೆ ಮುಂದಕ್ಕೆ ಬರಬೇಕು, ಗೇರ್‌ಬಾಕ್ಸಿನ ಶಾಫ್ಟ್ ಕ್ಲಚ್ ಪ್ಲೇಟಿನಿಂದ ಪೂರ್ತಿ ಬಿಡಿಸಿಕೊಳ್ಳುವವರೆಗೆ ಮೇಲೆತ್ತುವ ಮಾತೇ ಇಲ್ಲ. ಅವಸರಕ್ಕೆ ಎತ್ತಿದರೆ ಎಂಜಿನ್ನಿನ ಭಾರವೆಲ್ಲ ಶಾಫ್ಟಿನ ಮೇಲೆ ಬಿದ್ದು ಪ್ಲೇಟ್ ಸೊಟ್ಟಗಾಗುತ್ತೆ, ಅದು ಗೊತ್ತಾಗುವುದು ಎಲ್ಲ ಜೋಡಿಸಿ, ಗೇರ್ ಹಾಕುವಾಗ ಕರಕರ ಅಂದಾಗಲೇ. ಎಂಜಿನ್ ಅಲುಗಾಡುತ್ತಿಲ್ಲವೇ? ಏನೋ ಇನ್ನೂ ಹಿಡಿದಿದೆ. ಹಾರೆ ಹಾಕಿ ಮೀಟಬೇಡಿ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚುವ ಬೆಲ್ ಹೌಸಿಂಗಿನ ಮೇಲ್ಭಾಗದ ಬೋಲ್ಟ್ ಕಣ್ಣಿಗೆ ಕಾಣಲ್ಲ, ಕೈ ತೂರಿಸಿ ತಡವಿ. ಬ್ಲಾಕಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯನ್ನೂ ಮರೆಯುವವರಿದ್ದಾರೆ.

ಬೇವಿನ ಟೊಂಗೆಗೆ ಚೈನ್ ಬ್ಲಾಕ್, ಅಂದರೆ ಚೈನ್ ಎಳೆದು ಭಾರ ಎತ್ತುವ ರಾಟೆ, ಕಟ್ಟುವ ರೂಢಿ ಇದೆ, ನಾನಂತೂ ಒಪ್ಪಲ್ಲ. ಬೋರ್‌ವೆಲ್ ಮೋಟರ್ ಎತ್ತುವ ಮೂರು ಕಾಲಿನ ಸ್ಟ್ಯಾಂಡ್ ಬಾಡಿಗೆಗೆ ತನ್ನಿ, ಅದಕ್ಕೆ 1 ಟನ್ನಿನ ಚೈನ್ ಬ್ಲಾಕ್ ಹಾಕಿ. ಬೆಳಗಾವಿ ಮಳೆಯಲ್ಲಿ ನೆನೆದ ಮಣ್ಣಿಗೆ ಒಂದು ಕಾಲು ಇಳಿದರೂ ಸ್ಟ್ಯಾಂಡ್ ವಾಲುತ್ತೆ, ಹಾಗಾಗಿ ಕಾಲಡಿ ಹಲಗೆ ಕೊಟ್ಟು ಮೂರನ್ನೂ ಸರಪಳಿಯಿಂದ ಬಿಗಿಯಿರಿ. ಎಂಜಿನ್ ನೇತಾಡುವಾಗ ಕೆಳಗೆ ಯಾರ ಕೈಯೂ ಬೇಡ, ಕಾಲೂ ಬೇಡ. ಗೇರ್‌ಬಾಕ್ಸನ್ನು ಚಾಸಿಗೆ ಕಟ್ಟಿ, ಜಾಕ್ ತೆಗೆದು, ಜೀಪನ್ನೇ ಹಿಂದಕ್ಕೆ ತಳ್ಳಿ.

ಎಂಜಿನ್ನನ್ನು ಹಳೇ ಟೈರ್ ಮೇಲೆ ಇಳಿಸಿ. ಬರೀ ನೆಲದ ಮೇಲೆ ಕೂರಿಸಿದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಸಂಪ್, ನೆಗ್ಗಿ ಒಳಗಿನ ಆಯಿಲ್ ಜಾಲರಿಗೆ ತಾಗುತ್ತೆ. ಹೇಗೂ ಹೊರಗೆ ಬಂದಿದೆಯಲ್ಲ, ಎಂಜಿನ್ ಹಿಂಬದಿಯ ಆಯಿಲ್ ಸೀಲ್, ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಎರಡನ್ನೂ ಈಗಲೇ ಬದಲಿಸಿ. ಅವು ದುಬಾರಿ ಸಾಮಾನಲ್ಲ, ಆದರೆ ಆಮೇಲೆ ಕೆಟ್ಟರೆ ಇಷ್ಟನ್ನೂ ಮತ್ತೆ ಬಿಚ್ಚಬೇಕು.