ಅಧ್ಯಕ್ಷಗಿರಿ ಮುಗಿದ ಮೇಲೆ

ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಮಹಿಳಾ ಅಧ್ಯಕ್ಷರಿಗೆ ನಾನು ಮೊದಲ ದಿನವೇ ಕೇಳುವ ಪ್ರಶ್ನೆಯೊಂದಿದೆ: ಬಿಲ್ ಪಾವತಿಗೆ ಬೇಕಾದ ಡಿಜಿಟಲ್ ಸಹಿಯ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪೆನ್‌ಡ್ರೈವಿನಂಥ ಸಾಧನ) ಯಾರ ಹತ್ತಿರ ಇದೆ? ಒಮ್ಮೆ ಒಬ್ಬರು ಬ್ಯಾಗನ್ನೆಲ್ಲ ತಡಕಾಡಿ, ‘ನಮ್ಮ ಯಜಮಾನ್ರ ಜೇಬಲ್ಲೇ ಉಳಿದುಬಿಟ್ಟಿದೆ ಮೇಡಂ’ ಎಂದರು. ಪಂಚಾಯಿತಿ ಖಾತೆಯಿಂದ ಹಣ ಹೊರಬರಲು ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಸಹಿಯೂ ಬೇಕಾಗಿರುವುದರಿಂದ, ಆ ಜೇಬಿನಲ್ಲಿದ್ದದ್ದು ಅವರ ಅಧಿಕಾರದ ಬಹುಪಾಲು.

ಹಾಗೆಂದು ‘ಎಲ್ಲ ಗಂಡಂದಿರದೇ ದರ್ಬಾರು’ ಎಂದು ಮೂಗು ಮುರಿಯುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಮರುವರ್ಷ ಕ್ರಿಯಾಯೋಜನೆ ತಯಾರಾಗುವ ಹೊತ್ತಿಗೆ ಆಕೆ ಲೆಕ್ಕ ಕಲಿತಿದ್ದರು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕಿತ್ತು; ಹಗ್ಗಜಗ್ಗಾಟವೆಲ್ಲ ಉಳಿದ ಶೇ. 40ಕ್ಕಾಗಿ. ಸದಸ್ಯರೆಲ್ಲ ತಮ್ಮ ತಮ್ಮ ವಾರ್ಡಿಗೆ ಸಿಸಿ ರಸ್ತೆ, ಅಂದರೆ ಕಾಂಕ್ರೀಟ್ ರಸ್ತೆ, ಕೇಳಿದಾಗ (ಸಿಸಿ ರಸ್ತೆಯ ಮೇಲಿನ ಈ ಪ್ರೀತಿಯ ಕಾರಣ ಗುತ್ತಿಗೆದಾರರಿಗೆ ಚೆನ್ನಾಗಿ ಗೊತ್ತು), ಆಕೆ ಮಹಿಳಾ ಗ್ರಾಮಸಭೆಯ ನಡಾವಳಿ ಪುಸ್ತಕ ತೆರೆದು, ಅಂಗನವಾಡಿಯ ಕಾಂಪೌಂಡ್ ಮತ್ತು ಬಸ್‌ಸ್ಟಾಪಿನ ದಾರಿಯ ಬೀದಿದೀಪದ ಬೇಡಿಕೆಗಳನ್ನು ಗಟ್ಟಿಯಾಗಿ ಓದಿದರು. ಬರಹದಲ್ಲಿದ್ದ ಬೇಡಿಕೆಯನ್ನು ತಳ್ಳಿಹಾಕುವುದು ಸದಸ್ಯರಿಗೆ ಸುಲಭವಾಗಲಿಲ್ಲ.

ನಿಜವಾದ ತೊಡಕು ಶುರುವಾಗುವುದು ಇಷ್ಟು ಕಲಿತ ಮೇಲೆ. 1983ರ ಪಂಚಾಯಿತಿ ಕಾಯ್ದೆಯಲ್ಲಿ ಶೇ. 25ರಷ್ಟಿದ್ದ ಮಹಿಳಾ ಮೀಸಲಾತಿಯನ್ನು ಕರ್ನಾಟಕ 2010ರಲ್ಲಿ ಶೇ. 50ಕ್ಕೆ ಏರಿಸಿತು. ಆದರೆ 2023ರಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದು ಬಂದ ಮಹಿಳೆಯರು ಹತ್ತೇ ಮಂದಿ. ನಡುವಿನ ಮೆಟ್ಟಿಲುಗಳನ್ನು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಅಧ್ಯಕ್ಷಗಿರಿಯ ಅವಧಿ 30 ತಿಂಗಳು. ಮೀಸಲಾತಿ ಸರದಿಯಂತೆ ಬದಲಾಗುವುದರಿಂದ ಗೆದ್ದ ವಾರ್ಡು ಮತ್ತೆ ಸಿಗುವ ಖಾತರಿಯಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ಆಕೆಯ ಕೆಲಸ ಪಕ್ಷದ ಲೆಕ್ಕಕ್ಕೂ ಬರುವುದಿಲ್ಲ. ಪಕ್ಷಗಳು ಬಿ ಫಾರಂ (ಪಕ್ಷದ ಅಧಿಕೃತ ಟಿಕೆಟ್) ಕೊಡುವ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗಾದರೋ, 2016ರಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ.

1972ರಲ್ಲಿ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದ ಕೆ.ಎಸ್. ನಾಗರತ್ನಮ್ಮ ಗುಂಡ್ಲುಪೇಟೆ ಕ್ಷೇತ್ರವೊಂದರಿಂದಲೇ ಏಳು ಬಾರಿ ಗೆದ್ದವರು. ಒಂದೇ ಊರುಕೇರಿಯ ಜನರೊಡನೆ ದಶಕಗಟ್ಟಲೆ ಒಡನಾಡುವ ಆ ಅವಕಾಶ ಸರದಿಯ ಮೀಸಲಾತಿಯಲ್ಲಿ ಬಂದವರಿಗೆ ದಕ್ಕುವುದು ಅಪರೂಪ. ಆದ್ದರಿಂದಲೇ ತರಬೇತಿಯ ಕೊನೆಯ ದಿನ ನಾನು ಸಾಮಾನ್ಯ ಸ್ಥಾನದಲ್ಲಿಯೂ ಮಹಿಳೆ ಸ್ಪರ್ಧಿಸಬಹುದೆಂಬ ನಿಯಮವನ್ನು ಎರಡೆರಡು ಸಲ ಹೇಳುತ್ತೇನೆ. ‘ಜನರಲ್ ಅಂದ್ರೆ ಗಂಡಸರದ್ದಲ್ವಾ?’ ಎಂದು ಕೇಳುವವರು ಪ್ರತಿ ತಂಡದಲ್ಲಿಯೂ ಇರುತ್ತಾರೆ.

ಡಾಂಗಲ್ ಮರೆತು ಬಂದಿದ್ದ ಆ ಅಧ್ಯಕ್ಷೆ ಕಳೆದ ಸಲ ಸಿಕ್ಕಾಗ ಮಾಜಿಯಾಗಿದ್ದರು. ಪಕ್ಕದ ಸಾಮಾನ್ಯ ವಾರ್ಡಿನ ಮತದಾರರ ಪಟ್ಟಿಯ ಜೆರಾಕ್ಸ್ ಪ್ರತಿ ಅವರ ಬ್ಯಾಗಿನಲ್ಲೇ ಇತ್ತು. ಸ್ವಸಹಾಯ ಸಂಘದ ಸದಸ್ಯೆಯರ ಹೆಸರುಗಳ ಮುಂದೆಲ್ಲ ಪೆನ್ಸಿಲಿನ ಗುರುತು.